ನೀರಿನ ನಡುವೆ ಮರಸು: ಸಾರ್ವಜನಿಕ ಜಾಗದಲ್ಲಿ ಬಾತು ಬೇಟೆಗೆ ಎಡೆ ಇರಬೇಕೇ?

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಕ್ಷಿಣ ತುದಿಯಲ್ಲಿ, ನಮ್ಮವರು ಸಾಕಷ್ಟು ಮನೆ ಮಾಡಿರುವ ಫ್ರೀಮಾಂಟ್, ಸ್ಯಾನ್ ಹೋಸೆ ಊರುಗಳ ಮಗ್ಗುಲಲ್ಲೇ, ಡಾನ್ ಎಡ್ವರ್ಡ್ಸ್ ವನ್ಯಜೀವಿ ಆಶ್ರಯ ಇದೆ. ಸುಮಾರು 30,000 ಎಕರೆ. ಅದರ ಏರಿಗಳ ಮೇಲೆ ನಾವು ವಾಕಿಂಗ್ ಹೋಗುತ್ತೇವೆ. ಅಕ್ಟೋಬರ್ ಕೊನೆಯಿಂದ ಜನವರಿ ಕೊನೆಯವರೆಗೆ ಅದೇ ಆಶ್ರಯದ ಕೆಲವು ಹಳೆಯ ಉಪ್ಪಿನ ಕೊಳಗಳಲ್ಲಿ ಬೇಟೆಗಾರರು ಮರಸು, ಅಂದರೆ ಅಡಗಿ ಕೂರುವ ಮರೆ, ಕಟ್ಟಿಕೊಂಡು ಬಾತು ಹೊಡೆಯುತ್ತಾರೆ. ಎಲ್ಲರಿಗೂ ಸೇರಿದ ಜಾಗದಲ್ಲಿ ಇದು ಸರಿಯೇ? ಇಬ್ಬರನ್ನು ಕೇಳಿದೆವು.

ಪರ: ಹಲಗೆ ನನ್ನದು, ಜಾಗ ಎಲ್ಲರದು

ನಮ್ಮಜ್ಜ ಮರಸು ಕೂರುತ್ತಿದ್ದರು. ಗದ್ದೆಗೆ ಹಂದಿ ಇಳಿಯುವ ಕಾಲದಲ್ಲಿ ಮರದ ಮೇಲೆ ನಾಲ್ಕು ಗಳ ಕಟ್ಟಿಕೊಂಡು, ಕೋವಿ ತೊಡೆ ಮೇಲಿಟ್ಟುಕೊಂಡು, ರಾತ್ರಿಯಿಡೀ. ಕೆಮ್ಮುವ ಹಾಗಿಲ್ಲ, ಬೀಡಿ ಹಚ್ಚುವ ಹಾಗಿಲ್ಲ. (ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗಿಂತ ಹಿಂದಿನ ಮಾತು. ಅಜ್ಜ ತೀರಿಕೊಂಡೂ ಬಹಳ ವರ್ಷವಾಯಿತು. ಕೇಸು ಹಾಕುವವರು ತಡವಾಗಿ ಬಂದಿರಿ.) ಮಲೆನಾಡಿನಲ್ಲಿ ಹುಟ್ಟಿದ ನಾನು ಮರಸು ಕೂತದ್ದು ಮಾತ್ರ ಕ್ಯಾಲಿಫೋರ್ನಿಯಾದಲ್ಲಿ, ನಲವತ್ತು ದಾಟಿದ ಮೇಲೆ.

ಇಲ್ಲಿ ಅದಕ್ಕೆ ಬ್ಲೈಂಡ್ ಅನ್ನುತ್ತಾರೆ. ಕುರುಡು ಅಂತ. ಕುರುಡಾಗಬೇಕಾದ್ದು ಬಾತು. ಎಷ್ಟೋ ಬೆಳಿಗ್ಗೆ ಮಂಜಿನಲ್ಲಿ ಕುರುಡಾದದ್ದು ನಾನು. ನೀರಿನಲ್ಲಿ ಕಂಬ ನೆಟ್ಟು, ಹಲಗೆ ಹಾಸಿ, ಸುತ್ತ ಜೊಂಡು ಕಟ್ಟಿದರೆ ಆಯಿತು. ಒಳಗೊಂದು ಬೆಂಚು. ಎದುರಿಗೆ ನೀರಿನ ಮೇಲೆ ಹತ್ತಿಪ್ಪತ್ತು ಪ್ಲಾಸ್ಟಿಕ್ ಬಾತುಗಳನ್ನು ತೇಲಿಬಿಟ್ಟು, ಬಾಯಲ್ಲಿ ಪೀಪಿ ಇಟ್ಟುಕೊಂಡು ಕಾಯುವುದು.

ವಿರೋಧಿಸುವವರಿಗೆ ನಾನು ಕೇಳುವುದು ಒಂದೇ. ನಿಮ್ಮ ಸ್ಟಾಂಪ್ ಎಲ್ಲಿದೆ?

ಅಮೆರಿಕದಲ್ಲಿ 1934ರಿಂದ ಬಾತು ಸ್ಟಾಂಪ್ ಅಂತ ಒಂದಿದೆ. ಹದಿನಾರು ವರ್ಷ ತುಂಬಿದ ಯಾರೇ ಆಗಲಿ, ಬಾತು ಹೊಡೆಯಬೇಕಾದರೆ ಪ್ರತಿ ವರ್ಷ ಅದನ್ನು ಕೊಳ್ಳಲೇಬೇಕು. ಮೊದಲ ವರ್ಷ ಬೆಲೆ 1 ಡಾಲರ್. ಈಗ 25. ಅದರಲ್ಲಿ ಪ್ರತಿ ಡಾಲರಿನ 98 ಸೆಂಟು ಜೌಗು ಜಾಗ ಕೊಳ್ಳುವುದಕ್ಕೆ, ಉಳಿಸುವುದಕ್ಕೆ ಹೋಗುತ್ತದೆ. ಹೀಗೆ ಇಲ್ಲಿಯವರೆಗೆ ಸುಮಾರು 60 ಲಕ್ಷ ಎಕರೆ ಉಳಿದಿದೆ. ಕೋವಿ, ತೋಟೆಗಳ ಮೇಲೆ 1937ರಿಂದ ಬೇರೆ ತೆರಿಗೆ ಇದೆ. ಅದೂ ಕಾಡುಪ್ರಾಣಿಗಳ ಕೆಲಸಕ್ಕೇ. ಎರಡು ಅಡಿ ಉದ್ದದ ಲೆನ್ಸ್ ಹೊತ್ತು ಬರುವವರು ಲೆನ್ಸಿನ ಮೇಲೆ ಹಾಗೊಂದು ತೆರಿಗೆ ಕಟ್ಟುತ್ತಾರಾ? ಇಲ್ಲ. ಹಕ್ಕಿ ಬೇಕು, ಫೋಟೊ ಬೇಕು, ಲೈಕು ಬೇಕು. ಬಿಲ್ಲು ಬಂದಾಗ ಬೇಟೆಗಾರ ಬೇಕು.

ಈ ರಾಜ್ಯದ ನಡುವಿನ ಬಯಲಿನಲ್ಲಿದ್ದ ಜೌಗಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಹೊಲ, ತೋಟ, ಊರು ಆಗಿಹೋಯಿತು. ಉಳಿದ ಚೂರಿನಲ್ಲೂ ಹೆಚ್ಚಿನ ಪಾಲು ಬಾತು ಬೇಟೆಯ ಖಾಸಗಿ ಕ್ಲಬ್ಬುಗಳ ಕೈಯಲ್ಲಿದೆ. ಬೇಟೆ ಇರುವುದರಿಂದಲೇ ಅವರು ಅಲ್ಲಿ ನೀರು ನಿಲ್ಲಿಸುತ್ತಾರೆ. ನಮ್ಮಲ್ಲಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. ಒಳ್ಳೆಯದೇ. ಕೆರೆ ನಿಂತಿತಾ? ಕೋರಮಂಗಲದ ಕೆರೆ ಅಂಗಳದಲ್ಲಿ ಕ್ರೀಡಾಗ್ರಾಮ ಎದ್ದಿತಲ್ಲ, ಅಲ್ಲಿಗೆ ಬರುತ್ತಿದ್ದ ಬಾತುಗಳನ್ನು ಯಾವ ಕೋವಿಯವನೂ ಓಡಿಸಲಿಲ್ಲ. ಸೈಟು ಓಡಿಸಿತು.

ಇನ್ನು ಮರಸಿನ ವಿಷಯ. ಸಾರ್ವಜನಿಕ ಜಾಗವನ್ನು ಇವರು ಸ್ವಂತದ್ದು ಮಾಡಿಕೊಂಡಿದ್ದಾರೆ ಅನ್ನುತ್ತಾರೆ. ನಿಯಮ ಓದಿ. ಕೊಲ್ಲಿಯ ಈ ಕೊಳಗಳಲ್ಲಿ ಹೊಸದಾಗಿ ಶಾಶ್ವತ ಮರಸು ಕಟ್ಟುವ ಹಾಗಿಲ್ಲ. ಮೊದಲಿನಿಂದ ಇರುವುದನ್ನು ಪರವಾನಗಿ ತೆಗೆದುಕೊಂಡು ರಿಪೇರಿ ಮಾಡಬಹುದು. ಆದರೆ ರಿಪೇರಿ ಮಾಡಿದವನಿಗೆ ಅದರ ಮೇಲೆ ಹಕ್ಕಿಲ್ಲ. ಯಾರು ಮೊದಲು ಬರುತ್ತಾರೋ ಅವರದು.

ಇದನ್ನು ನಾನು ಮೈಮೇಲೆ ಅನುಭವಿಸಿದ್ದೇನೆ. ಮೂರು ವರ್ಷದ ಹಿಂದೆ, ಸೆಪ್ಟೆಂಬರಿನಲ್ಲಿ, ನಾನೂ ಪಕ್ಕದ ಮನೆಯ ಮುದುಕರೂ ಸೇರಿ ಒಂದು ಹಳೆಯ ಮರಸನ್ನು ಸರಿಮಾಡಿದೆವು. ಎರಡು ಶನಿವಾರ. ಹಲಗೆ ಹೊತ್ತು ಏರಿ ಮೇಲೆ ಒಂದು ಮೈಲಿ ನಡೆದದ್ದು, ಮಂಡಿವರೆಗೆ ಕೆಸರಿನಲ್ಲಿ ಹೂತದ್ದು, ಮೊಳೆ ಡಬ್ಬಿ ನೀರಿಗೆ ಬಿದ್ದದ್ದು. ಬೆಂಚಿಗೆ ನಾನೇ ಉಜ್ಜುಕಾಗದ ಹಾಕಿ ನುಣುಪು ಮಾಡಿದ್ದೆ. ಮೊದಲ ದಿನ ಬೆಳಗಿನ ಜಾವ ನಾಲ್ಕೂವರೆಗೆ ಹೋಗಿ ನೋಡಿದರೆ ಒಳಗೆ ಟಾರ್ಚಿನ ಬೆಳಕು. ಯಾರೋ ಕೂತಿದ್ದಾರೆ. ನನ್ನ ಬೆಂಚಿನ ಮೇಲೆ!

ಹೊಟ್ಟೆ ಉರಿಯಿತು. ಸುಳ್ಳು ಹೇಳುವುದಿಲ್ಲ. ಬಾಯಿಗೆ ಬಂದದ್ದು ಕನ್ನಡದಲ್ಲೇ ಬಂತು, ಹಾಗಾಗಿ ಬಚಾವಾದೆ. ಪಕ್ಕದ ಮನೆಯವರು ನನ್ನ ತೋಳು ಹಿಡಿದು, "ಅವರು ಮೊದಲು ಬಂದಿದ್ದಾರೆ" ಅಂದರು. ಅಷ್ಟೇ. ಹಿಂದಿರುಗಿ ಹೊರಟೆವು. ಒಳಗಿನಿಂದ ಆ ಮನುಷ್ಯ ಕೂಗಿದ. ನಾಲ್ಕು ಜನಕ್ಕೆ ಜಾಗ ಇದೆ, ಬನ್ನಿ ಅಂದ. ಜೊತೆಗೆ ಅವನ ಮಗಳು, ಹದಿಮೂರೋ ಹದಿನಾಲ್ಕೋ ವಯಸ್ಸು. ಅವಳಿಗೆ ಅದು ಮೊದಲ ಬೇಟೆ.

ನಾಲ್ವರೂ ಕೂತೆವು. ಅವರ ಫ್ಲಾಸ್ಕಿನ ಕಾಫಿ, ನಮ್ಮ ಮನೆಯ ಕೋಡುಬಳೆ. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲು ಈಡಿಗೆ ಅನುಮತಿ. ಒಂದು ನಿಮಿಷ ಮುಂಚೆಯೂ ಇಲ್ಲ. ಆ ಹುಡುಗಿ ಗಡಿಯಾರ ನೋಡುತ್ತಲೇ ಇದ್ದಳು. ಸಲಿಕೆ ಕೊಕ್ಕಿನ ಬಾತು ಎರಡು ಬಂದವು. ನಾನು ಮೂರೂ ತೋಟೆ ಖಾಲಿ ಮಾಡಿದೆ, ಮೂರೂ ಗಾಳಿಗೆ ಹೋದವು. (ಕೋವಿಯಲ್ಲಿ ಒಮ್ಮೆಗೆ ಮೂರಕ್ಕಿಂತ ಜಾಸ್ತಿ ತುಂಬುವ ಹಾಗಿಲ್ಲ.) ಅವಳು ಒಂದೇ ಈಡಿಗೆ ಕೆಡವಿದಳು. ಅವರ ನಾಯಿ ಈಜಿ ಹೋಗಿ ಕಚ್ಚಿಕೊಂಡು ಬಂತು. ಹುಡುಗಿ ಅದನ್ನು ತೊಡೆ ಮೇಲಿಟ್ಟುಕೊಂಡು ಸುಮಾರು ಹೊತ್ತು ರೆಕ್ಕೆ ಸವರುತ್ತಾ ಕೂತಳು. ಮಾತಾಡಲಿಲ್ಲ. ಹೊರಡುವಾಗ ಅವಳ ಅಪ್ಪ ಅದನ್ನು ನನಗೆ ಕೊಟ್ಟ. ಸಲಿಕೆ ಕೊಕ್ಕಿನದು ಕೆಸರು ವಾಸನೆ, ತಿನ್ನುವುದಕ್ಕಾಗಲ್ಲ ಅಂತ ಇಲ್ಲಿಯವರ ನಂಬಿಕೆ. ಕಾಳುಮೆಣಸು ಅರೆದು ಹಾಕಿದ ಸಾರು ಅವರು ಕಂಡಿಲ್ಲ, ಪಾಪ.

ಜಾಗ ಹಂಚಿಕೊಳ್ಳುವುದು ಅಂದರೆ ಇದು. ನಾನು ಹೊಡೆದ ಮೊಳೆ, ಇನ್ನೊಬ್ಬರ ಮಗಳು ಕೂತಳು.

ಶಬ್ದ ಅನ್ನುತ್ತೀರಿ. ಸ್ಯಾನ್ ಹೋಸೆ ನಿಲ್ದಾಣದ ವಿಮಾನಗಳು ನಿಮ್ಮ ತಲೆ ಮೇಲೇ ಹೋಗುತ್ತವೆ, ಅದಕ್ಕೆ ಯಾರೂ ಕಿವಿ ಮುಚ್ಚಿಕೊಂಡದ್ದು ಕಂಡಿಲ್ಲ. ನಡೆಯುವವರಿಗೆ ತೊಂದರೆ ಅನ್ನುತ್ತೀರಿ. ವಿಲ್ಲೋಸ್ ಹತ್ತಿರದ ಸ್ಯಾಕ್ರಮೆಂಟೊ ಆಶ್ರಯಕ್ಕೆ ಹೋಗಿ ನೋಡಿ. ಬೇಟೆ ಬುಧವಾರ, ಶನಿವಾರ, ಭಾನುವಾರ ಮಾತ್ರ. ಅದೂ ಬೇರೆ ಭಾಗದಲ್ಲಿ. ಲಾಟರಿ ಎತ್ತಿ ಜಾಗ ಕೊಡುತ್ತಾರೆ. ಒಳಗೆ 25 ತೋಟೆಗಿಂತ ಹೆಚ್ಚು ಒಯ್ಯುವಂತಿಲ್ಲ. ಕಾರಿನಲ್ಲಿ ಕೂತು ಹಕ್ಕಿ ನೋಡುವವರ ರಸ್ತೆ ಮಾತ್ರ ದಿನಾ ತೆರೆದಿರುತ್ತದೆ. ಇನ್ನೇನು ಬೇಕು? ಬಾತಿಗೆ ಸೀಸದ ಚರೆ ಬಳಸುವುದನ್ನು 1991ರಲ್ಲೇ ದೇಶದ ತುಂಬ ನಿಲ್ಲಿಸಿದರು, ಈಗ ಉಕ್ಕಿನ ಚರೆ. ದಿನಕ್ಕೆ ಏಳೇ ಬಾತು. ನಾನು ಏಳು ಹೊಡೆದ ದಿನ ಇನ್ನೂ ಬಂದಿಲ್ಲ ಅನ್ನುವುದು ಬೇರೆ.

ಕೊನೆಗೆ ಕಾನೂನು. ಇಂಥ ಆಶ್ರಯಗಳಲ್ಲಿ ಜನ ಏನು ಮಾಡಬಹುದು ಎಂದು 1997ರ ಕಾಯ್ದೆ ಆರು ಹೆಸರು ಹೇಳುತ್ತದೆ: ಬೇಟೆ, ಮೀನು ಹಿಡಿಯುವುದು, ಪ್ರಾಣಿ ಪಕ್ಷಿ ನೋಡುವುದು, ಫೋಟೊ, ಪರಿಸರ ಪಾಠ, ವಿವರಣೆ. ಬೇಟೆ ಮೊದಲ ಹೆಸರು. ಅಕ್ಷರಮಾಲೆಯ ಲೆಕ್ಕದಲ್ಲಿ ಬರೆದದ್ದಲ್ಲ ಅದು, ಇಂಗ್ಲಿಷಿನಲ್ಲೂ ಅಲ್ಲ. ನೋಡಿದ್ದೇನೆ.

ವಿರೋಧ: ಆಶ್ರಯ ಅಂದ ಮೇಲೆ ಆಶ್ರಯ

ವಿರೋಧ ಬರೆದುಕೊಡಿ ಅಂತ ಕೇಳಿದರು. ನಾನು ಹಕ್ಕಿ ನೋಡುವವಳು, ಬೈನಾಕ್ಯುಲರ್ ಇದೆ, ಹಾಗಾಗಿ ನಾನೇ ಸರಿ ಅಂತ ಅವರ ಲೆಕ್ಕ. ಬರೆಯುತ್ತೇನೆ. ಬಾತು ಸ್ಟಾಂಪನ್ನು ಪ್ರತಿ ವರ್ಷ ನಾನೂ ಕೊಳ್ಳುತ್ತೇನೆ ಅಂತ ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ರವೇಶ ಶುಲ್ಕ ಇರುವ ಆಶ್ರಯಗಳಿಗೆ ಅದೇ ಪಾಸು.

ಪರ ಬರೆದವರು ಆ ಸ್ಟಾಂಪನ್ನು ಖಂಡಿತ ಎತ್ತಿರುತ್ತಾರೆ. ಅವರು ಯಾವಾಗಲೂ ಎತ್ತುತ್ತಾರೆ. ದುಡ್ಡು ಕೊಟ್ಟವರಿಗೆ ಹೊಡೆಯುವ ಹಕ್ಕು ಬರುವುದಾದರೆ, ದೇವಸ್ಥಾನಕ್ಕೆ ಫ್ಯಾನು ಕೊಟ್ಟವರು ಗರ್ಭಗುಡಿಯಲ್ಲಿ ಚಾಪೆ ಹಾಸಿಕೊಂಡು ಮಲಗಬಹುದು. ಅದೂ ಅಲ್ಲದೆ, ಕೊಲ್ಲಿಯ ದಕ್ಷಿಣದ ಈ ಉಪ್ಪಿನ ಕೊಳಗಳನ್ನು ಕೊಂಡದ್ದು ಸ್ಟಾಂಪಿನ ದುಡ್ಡಿನಿಂದಲ್ಲ. 2003ರಲ್ಲಿ ಉಪ್ಪಿನ ಕಂಪನಿಯಿಂದ 15,000 ಎಕರೆಗೂ ಜಾಸ್ತಿ ಬಂತು. ರಾಜ್ಯ, ಕೇಂದ್ರ, ಜೊತೆಗೆ ಕೆಲವು ದತ್ತಿ ಸಂಸ್ಥೆಗಳು ಸೇರಿ ದುಡ್ಡು ಹಾಕಿದವು. ಅದರಲ್ಲಿ ನಮ್ಮ ತೆರಿಗೆಯೂ ಇದೆ.

ಎರಡನೆಯದು ಲೆಕ್ಕ. 2022ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಹಕ್ಕಿ ನೋಡುವವರು 9.6 ಕೋಟಿ. ಎಲ್ಲ ಬಗೆಯ ಬೇಟೆಗಾರರನ್ನೂ ಸೇರಿಸಿದರೆ 1.44 ಕೋಟಿ. (ಆ 9.6 ಕೋಟಿಯಲ್ಲಿ ಅಡಿಗೆಮನೆ ಕಿಟಕಿಯಿಂದ ನೋಡುವವರೂ ಇದ್ದಾರೆ. ಇರಲಿ ಬಿಡಿ, ನೋಡುವುದು ನೋಡುವುದೇ.) ಮೂರನೆಯದು ಹೆಸರು. ಆಶ್ರಯ ಅಂತ ಬೋರ್ಡು ಹಾಕಿ ಒಳಗೆ ಈಡು ಹೊಡೆಯುವುದು ನನಗೆ ಹಿಡಿಸುವುದಿಲ್ಲ. ಆಶ್ರಯ ಅಂದ ಮೇಲೆ ಆಶ್ರಯ.

ಮರಸು ಕಟ್ಟುವುದರ ತೊಂದರೆ ಏನೆಂದರೆ, ಅದು ಬೇರು ಬಿಡುತ್ತದೆ. ಟೆನೆಸಿ ರಾಜ್ಯದ ರೀಲ್‌ಫುಟ್ ಸರೋವರ 1811-12ರ ಭೂಕಂಪದಲ್ಲಿ ಹುಟ್ಟಿದ್ದು. ಅಲ್ಲಿನ ನೀರು ಸಾರ್ವಜನಿಕ. ಆದರೂ ತಲೆಮಾರುಗಳಿಂದ ಒಂದೇ ಮನೆಯವರ ಕೈಯಲ್ಲಿ ಉಳಿದ ಮರಸುಗಳು ಅಲ್ಲಿವೆ. ನಮ್ಮ ಕಡೆ ಇದಕ್ಕೆ ಒತ್ತುವರಿ ಅನ್ನುತ್ತಾರೆ. ಇನ್ನು ಭರತಪುರ. ಅಲ್ಲಿ 1938ರ ನವೆಂಬರಿನಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿ ಹೊಡೆದರು. ದಿನಕ್ಕೆ ಏಳು ಬಾತಿಗೂ ಅದಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಮರೆಯಲ್ಲಿ ಕೂತವರ ಮನಸ್ಸು ಒಂದೇ.

ನಿಜ ಹೇಳಬೇಕೆಂದರೆ ಈ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವುದು ಅವ್ವ. ಹೋದ ಡಿಸೆಂಬರಿನಲ್ಲಿ ಗದಗದಿಂದ ಬಂದಿದ್ದಳು. ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ಬರುವುದನ್ನು ನೋಡಿ ಬೆಳೆದವಳು. ಅವಳನ್ನು ಕೊಲ್ಲಿಯ ದಂಡೆಯ ಒಂದು ಏರಿ ಮೇಲೆ ಕರೆದುಕೊಂಡು ಹೋದೆ. ಸೂಜಿಬಾಲದ ಬಾತುಗಳು ಗುಂಪು ಗುಂಪಾಗಿ ಕೂತಿದ್ದವು. "ಇವು ನಮ್ಮ ಕಡಿ ಕೆರಿಗೂ ಬರ್ತಾವಲ್ಲ" ಅಂದಳು. ಬರುತ್ತವೆ, ಆದರೆ ಅವು ಸೈಬೀರಿಯಾ ಕಡೆಯಿಂದ ಇಳಿಯುವವು, ಇವು ಅಲಾಸ್ಕಾ ಕಡೆಯವು ಅಂತ ನಾನು ಪಾಠ ಶುರು ಮಾಡಿದೆ. ಅಷ್ಟರಲ್ಲಿ ಢಂ ಢಂ ಅಂತು. ಬಾತುಗಳು ಒಮ್ಮೆಗೇ ಎದ್ದು ಕೊಳವೇ ಖಾಲಿ.

ಅವ್ವ ಕೇಳಿದಳು, "ಯಾರದರ ಮದುವಿ ಐತೇನ?"

"ಮದುವಿ ಅಲ್ಲವ್ವ. ಬಾತು ಹೊಡ್ಯಾಕತ್ತಾರ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಾನು ಈಗ ಅವಳಿಗೆ ಕಣ್ಣೀರು ಬರುತ್ತದೆ ಅಂದುಕೊಂಡೆ. ಈ ಬರಹಕ್ಕೂ ಅನುಕೂಲ ಆಗುತ್ತಿತ್ತು.

"ತಿನ್ನಾಕ ಹೊಡೀತಾರೋ, ಸುಮ್ನ ಹೊಡೀತಾರೋ?"

"ತಿನ್ನಾಕ."

"ಹಂಗಾರ ಬಿಡು" ಅಂದು ಮುಂದೆ ನಡೆದಳು.

ಅವಳ ತಕರಾರು ಬೇರೆ ಇತ್ತು. ಉದ್ದಾನುದ್ದ ಏರಿ. ಒಂದು ಮರ ಇಲ್ಲ, ಕೂರಲು ಒಂದು ಕಲ್ಲೂ ಇಲ್ಲ. ಡಿಸೆಂಬರ್ ಆದರೂ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಅವಳಿಗೆ ಮಂಡಿ ನೋವು. ಒಂದು ಮೈಲಿ ಆದ ಮೇಲೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. ಆ ಕಡೆಯ ಕೊಳದ ನೀರಿನಲ್ಲಿ, ದಂಡೆಗೆ ಹತ್ತಿರದಲ್ಲೇ, ಜೊಂಡು ಕಟ್ಟಿದ ಒಂದು ಗೂಡು ಖಾಲಿ ನಿಂತಿತ್ತು. ಬಾಗಿಲಿನಿಂದ ಒಳಗಿನ ಬೆಂಚು ಕಾಣುತ್ತಿತ್ತು.

"ಅಲ್ಲೆ ಕುಂದ್ರಾಕ ಬಿಡ್ತಾರೇನ?"

ಅದು ಬೇಟೆಗಾರರದು, ಆದರೂ ಯಾರ ಸ್ವಂತದ್ದೂ ಅಲ್ಲ, ಮೊದಲು ಬಂದವರಿಗೆ ಸಿಗುತ್ತದೆ, ಅವರು ನಸುಕಿನಲ್ಲಿ ನಾಲ್ಕಕ್ಕೇ ಬಂದುಬಿಡುತ್ತಾರೆ ಅಂತ ವಿವರಿಸಿದೆ. ಲೈಸೆನ್ಸಿನ ವಿಷಯಕ್ಕೆ ಇನ್ನೂ ಬಂದಿರಲಿಲ್ಲ.

"ಹಂಗಾರ ನಾಳೆ ಮೂರಕ್ಕ ಎಬ್ಬಸು" ಅಂದಳು.