ದೇಶದ ಐದನೇ ಟಂಕಸಾಲೆ

ಸರ್ಕಾರದ ಲೆಕ್ಕದಲ್ಲಿ ನಮ್ಮ ದೇಶಕ್ಕೆ ಟಂಕಸಾಲೆ ಇರುವುದು ನಾಲ್ಕೇ. ಮುಂಬೈ, ಕೋಲ್ಕತ್ತ, ಹೈದರಾಬಾದ್, ನೊಯ್ಡಾ. ಯೂಟ್ಯೂಬ್ ನೋಡುವವರಿಗೆ ಮಾತ್ರ ಐದನೆಯದೂ ಗೊತ್ತು: ರೈಲು ಹಳಿ. ಗೂಡ್ಸ್ ಗಾಡಿ ಮೈಮೇಲೆ ಹರಿದುಹೋದ ಎರಡು ರೂಪಾಯಿ ಅಲ್ಲಿ ‘ಅಪರೂಪದ ಮಿಂಟ್ ಎರರ್’, ಅಂದರೆ ಟಂಕಸಾಲೆಯಲ್ಲೇ ತಪ್ಪಾಗಿ ಹೊಡೆದ ನಾಣ್ಯ, ಆಗುತ್ತದೆ, ಬೆಲೆ ಐದು ಲಕ್ಷದಿಂದ ಶುರು. ಗ್ಯಾರೇಜಿನ ವೈಸು, ಆಸಿಡ್ ಬಾಟಲಿ, ಅಕ್ಕಸಾಲಿಗನ ಅರ, ಇವೆಲ್ಲ ಅದರ ಬ್ರಾಂಚ್ ಆಫೀಸುಗಳು.

ಅಸಲಿ ಟಂಕಸಾಲೆಯಲ್ಲಿ ನಡೆಯುವುದು ಇಷ್ಟೇ. ತಗಡಿನಿಂದ ಬಿಲ್ಲೆ ಕತ್ತರಿಸುತ್ತಾರೆ, ಸುತ್ತ ಉಕ್ಕಿನ ಬಳೆ, ಮೇಲೊಂದು ಅಚ್ಚು, ಕೆಳಗೊಂದು ಅಚ್ಚು, ಒಂದು ಏಟು. ತಪ್ಪು ಆಗುವುದಿದ್ದರೆ ಅಷ್ಟರೊಳಗೇ ಆಗಬೇಕು. ಆಮೇಲೆ ಆದದ್ದು ಬರೀ ಪೆಟ್ಟು.

ಅಂಚಿನಲ್ಲಿ ಒಂದು ತುಂಡು ಹೋದ ನಾಣ್ಯವನ್ನೇ ತಗೊಳ್ಳಿ. ತಗಡಿನಲ್ಲಿ ಹಿಂದಿನ ಬಿಲ್ಲೆ ತೆಗೆದ ತೂತಿನ ಮೇಲೇ ಕತ್ತರಿ ಮತ್ತೆ ಬಿದ್ದರೆ ಹೀಗಾಗುತ್ತದೆ. ಆಗ ತುಂಡು ಹೋದ ಜಾಗಕ್ಕೆ ಸರಿಯಾಗಿ ಎದುರಿಗಿರುವ ಅಂಚೂ ಸಾಮಾನ್ಯವಾಗಿ ಮಂಕಾಗಿರುತ್ತದೆ, ಯಾಕಂದ್ರೆ ಬಿಲ್ಲೆಯ ಅಂಚು ಒತ್ತಿ ಎಬ್ಬಿಸುವಾಗ ತುಂಡು ಹೋದ ಕಡೆ ಒತ್ತಿ ಹಿಡಿಯಲು ಲೋಹವೇ ಇಲ್ಲ. ಅರದಲ್ಲಿ ಉಜ್ಜಿದವನಿಗೆ ಇದು ಹೊಳೆಯುವುದಿಲ್ಲ ಪಾಪ, ಎದುರಿನ ಅಂಚು ಗಟ್ಟಿಮುಟ್ಟಾಗಿಯೇ ಇರುತ್ತದೆ. ಇನ್ನು ಹವ್ಯಾಸಿಗಳು ‘ಲಖಿ’ ಅನ್ನುವ ನಾಣ್ಯ. ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು ಮುಂದಿನ ಬಿಲ್ಲೆಗೆ ಹೊಡೆಯಿತು ಅಂದರೆ, ಒಂದು ಕಡೆ ಉಬ್ಬಿದ ಚಿತ್ರವೇ ಇನ್ನೊಂದು ಕಡೆ ತಿರುಗುಮುರುಗಾಗಿ ಒಳಕ್ಕಿಳಿದಿರುತ್ತದೆ. ವೈಸಿನಲ್ಲಿ ಎರಡು ನಾಣ್ಯ ಸೇರಿಸಿ ಹಿಂಡಿದ್ದರಲ್ಲಿ ಹಳೇ ಚಿತ್ರ ಅಲ್ಲೇ ಇರುತ್ತದೆ, ಜಜ್ಜಿಹೋಗಿ. ಆಸಿಡ್ ಕುಡಿದ ನಾಣ್ಯವನ್ನು ತಕ್ಕಡಿಯೇ ಹಿಡಿದುಕೊಡುತ್ತದೆ: 7.7 ಗ್ರಾಂ ಆಸುಪಾಸು ತೂಗಬೇಕಾದ ಹತ್ತು ರೂಪಾಯಿ ಸೊರಗಿ ಹೋಗಿರುತ್ತದೆ.

ಅಂದಹಾಗೆ, ಈ ಹತ್ತು ರೂಪಾಯಿ! ಒಂದು ಗೀರೂ ಇಲ್ಲದ, ಟಂಕಸಾಲೆ ಸರಿಯಾಗಿಯೇ ಹೊಡೆದ ಹತ್ತರ ನಾಣ್ಯ ಕೊಟ್ಟು ಟೀ ಕೇಳಿ ನೋಡಿ. "ಇದು ನಡೆಯಲ್ಲ ಅಣ್ಣ, ನೋಟ್ ಕೊಡಿ." ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿ ಆಯಿತು, ಆದರೆ ಟೀ ಅಂಗಡಿಗೆ ಸುತ್ತೋಲೆ ಮುಟ್ಟಿದಂತಿಲ್ಲ. ಅದೇ ಅಂಗಡಿಯ ಗಲ್ಲಾದಲ್ಲಿ ಮಾತ್ರ, ಪ್ಲಾಸ್ಟಿಕ್ ಕವರಿನೊಳಗೆ, ಅರಿಶಿನ ಹಚ್ಚಿಕೊಂಡು 2012ರ ವೈಷ್ಣೋದೇವಿ ನಾಣ್ಯ ಕೂತಿರುತ್ತದೆ. ಅದು ಹತ್ತು ಲಕ್ಷಕ್ಕೆ ಹೋಗುತ್ತದಂತೆ. ಅಂದರೆ ಸರಿಯಾದ ನಾಣ್ಯಕ್ಕೆ ಒಂದು ಟೀ ಬರಲ್ಲ, ಅದನ್ನೇ ಸುತ್ತಿಗೆಯಲ್ಲಿ ನಾಲ್ಕು ಬಡಿದರೆ ಸೈಟು ಬರುತ್ತದೆ. ನಾಣ್ಯ ಕೆಡಿಸುವುದಕ್ಕೆ ಕಾನೂನಿದೆ ಅಂತ ಹೇಳಿದರೆ "ನೀವು ಸುಮ್ನೆ ಹೊಟ್ಟೆಕಿಚ್ಚು ಪಡ್ತೀರಿ" ಅನ್ನುತ್ತಾರೆ.

ಫೋಟೋ ಕಳಿಸಿದ ಕೂಡಲೇ ಕೊಳ್ಳುವವನೂ ಸಿಗುತ್ತಾನೆ, ಅದೂ ರಿಸರ್ವ್ ಬ್ಯಾಂಕಿನ ಲಾಂಛನ ಹಾಕಿಕೊಂಡು. ಇಂಥ ವ್ಯವಹಾರಕ್ಕೂ ನಮಗೂ ಸಂಬಂಧವಿಲ್ಲ, ಶುಲ್ಕ, ಕಮಿಷನ್ ಏನೂ ಕೇಳುವುದಿಲ್ಲ ಅಂತ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿತು. ಈತ ಮಾತ್ರ ಮೊದಲು ರಿಜಿಸ್ಟ್ರೇಷನ್ ಫೀಸು, ಆಮೇಲೆ ಜಿಎಸ್‌ಟಿ, ಆಮೇಲೆ ಕೊರಿಯರ್ ಖರ್ಚು ಅಂತ ಕೇಳುತ್ತಲೇ ಇರುತ್ತಾನೆ. ಲಕ್ಷಗಟ್ಟಲೆ ಕೊಟ್ಟು ನಾಣ್ಯ ಕೊಳ್ಳುವ ಮಹಾನುಭಾವನಲ್ವಾ, ಫೀಸನ್ನು ಹತ್ತರ ನಾಣ್ಯಗಳಲ್ಲೇ ತಂದುಕೊಡ್ತೀನಿ ಅಂತ ಒಮ್ಮೆ ಹೇಳಿ ನೋಡಿ.

"ಚಿಲ್ಲರೆ ಎಲ್ಲಾ ಬೇಡ ಸಾರ್, ಯುಪಿಐ ಮಾಡಿ."