ಘನ ಉಪಸ್ಥಿತಿ ಮತ್ತು ತಂಡ

ಹಾಸನದಲ್ಲಿ ಒಂದು ಜಾನಪದ ಉತ್ಸವ ನಡೆಯಿತು. ಯಾರು ನಡೆಸಿದ್ದು, ಯಾವ ವರ್ಷ ಅಂತ ಕೇಳಬೇಡಿ. ಇಂಥವು ಎಲ್ಲ ಊರಲ್ಲೂ ಒಂದೇ ತರ ಇರುತ್ತವೆ. ಫ್ಲೆಕ್ಸಿನಲ್ಲಿ ಊರಿನ ಹೆಸರು ಮಾತ್ರ ಬದಲಾಗುತ್ತದೆ.

ಮೊದಲು ಕೈಗೆ ಬಂದದ್ದು ಆಹ್ವಾನ ಪತ್ರಿಕೆ. ಬಿಡಿಸಿದರೆ ಮನೆಯ ಟೀಪಾಯಿ ಪೂರ್ತಿ ಮುಚ್ಚಿಹೋಯಿತು. ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಉಪಸ್ಥಿತಿ, ಆಮೇಲೆ ಬರೀ ಉಪಸ್ಥಿತಿ. ಹೆಸರು ಎಣಿಸುತ್ತಾ ಹೋದೆ, 62ಕ್ಕೆ ಕಣ್ಣು ಸೋತಿತು. ಕುಣಿಯುವವರು ಎಲ್ಲಿ ಅಂತ ಹುಡುಕಿದೆ. ಕೊನೆಯ ಮಡಿಕೆಯ ತಳದಲ್ಲಿ, ಪ್ರೆಸ್ಸಿನವರ ಫೋನ್ ನಂಬರಿನ ಪಕ್ಕ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಸಿಕ್ಕರು: 'ವೀರಗಾಸೆ, ಸೋಮನ ಕುಣಿತ, ಚಿಟ್‌ಮೇಳ, ಕೋಲಾಟ, ಮೂಡಲಪಾಯ ಇತ್ಯಾದಿ.' ಒಬ್ಬರಿಗೆ ಮಾತ್ರ ಹೆಸರಿತ್ತು. ಅದರ ಬೆನ್ನಿಗೇ 'ಮತ್ತು ತಂಡ'.

ಇಲ್ಲಿಂದ ಒಂದು ಗಂಟೆ ದಾರಿ ಬೇಲೂರು. ಅಲ್ಲಿನ ಚೆನ್ನಕೇಶವ ದೇವಸ್ಥಾನ 1117ರದ್ದು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮದನಿಕೆಗಳ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಈಗಲೂ ಓದಬಹುದು. ರಾಜನ ಕಾಲದಲ್ಲಿ ಕಲ್ಲಿನ ಮೇಲೆ ಜಾಗ ಇತ್ತು, ಪ್ರಜೆಗಳ ಕಾಲದಲ್ಲಿ ಆರ್ಟ್ ಪೇಪರಿನ ಮೇಲೆ ಜಾಗ ಇಲ್ಲ. ದಾಸೋಜ ಈಗ ಹುಟ್ಟಿದ್ದರೆ 'ಶಿಲ್ಪ: ಬಳ್ಳಿಗಾವೆಯವರು ಮತ್ತು ತಂಡ' ಆಗುತ್ತಿದ್ದ. ಹಾಗೆ ನೋಡಿದರೆ ಉತ್ಸವದ ಫ್ಲೆಕ್ಸಿನಲ್ಲಿ ಬೇಲೂರಿನ ದರ್ಪಣ ಸುಂದರಿಯೂ ಇದ್ದಳು. ಕೈಯಲ್ಲಿ ಕನ್ನಡಿ ಹಿಡಿದು ಮುಖ ನೋಡಿಕೊಳ್ಳುವವಳು. ಆದರೆ ಕನ್ನಡಿ ಇರಬೇಕಾದ ಜಾಗಕ್ಕೆ ಗಣ್ಯರೊಬ್ಬರ ಮುಖ ಬಂದಿತ್ತು. ಪಾಪ, 900 ವರ್ಷದಿಂದ ನೋಡಿಕೊಳ್ಳುತ್ತಿದ್ದವಳಿಗೆ ಕೊನೆಗೂ ಕಂಡದ್ದು ಅದು.

ಪತ್ರಿಕೆ ಮೂರು ಸಲ ಅಚ್ಚಾಯಿತಂತೆ. ಮೊದಲ ಸಲ ಒಬ್ಬರ ಹೆಸರು ಬಿಟ್ಟುಹೋಗಿತ್ತು. ಎರಡನೇ ಸಲ ಸೇರಿಸಿದರು, ಆದರೆ ಆಗದವರ ಕೆಳಗೆ ಸೇರಿಸಿದರು. ಮೂರನೇ ಸಲ ಇಬ್ಬರನ್ನೂ ಅಕ್ಕಪಕ್ಕ ಹಾಕಿದರು. ಆ ಗಡಿಬಿಡಿಯಲ್ಲಿ ಇನ್ನೊಬ್ಬರು ಬಿಟ್ಟುಹೋದರು. ಇವರನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತಾರೆ.

ಕಲಾವಿದರಿಗೂ ಕಾಗದಪತ್ರ ಕಡಿಮೆ ಇರಲಿಲ್ಲ. ಆಧಾರ್, ಪಾನ್, ಪಾಸ್‌ಬುಕ್ಕಿನ ಜೆರಾಕ್ಸ್, ಜೊತೆಗೆ 'ವೇಷ ಧರಿಸಿರುವ ಭಾವಚಿತ್ರ, ಮುಖ ಸ್ಪಷ್ಟವಾಗಿ ಕಾಣುವಂತಿರಬೇಕು'. ಸೋಮನ ಕುಣಿತದವನೊಬ್ಬ ಇದಕ್ಕೇ ಮೂರು ದಿನ ಓಡಾಡಿದ. ಸೋಮ ಅಂದರೇ ಮುಖವಾಡ ಅಲ್ವಾ? ಮರದಲ್ಲಿ ಕೆತ್ತಿದ ದೊಡ್ಡ ಮುಖ, ಪೂಜೆ ಮಾಡಿಯೇ ಕಟ್ಟಿಕೊಳ್ಳುವುದು. ಅವನು ಮುಖವಾಡ ಕಟ್ಟಿದ ಫೋಟೊ ಕೊಟ್ಟ.

'ಇದರಲ್ಲಿ ನೀನೆಲ್ಲಿದ್ದೀಯ?'

'ಒಳಗಿದ್ದೀನಿ ಸ್ವಾಮಿ.'

'ಒಳಗಿದ್ರೆ ಆಗಲ್ಲ. ತೆಗೆದು ಹೊಡೆಸ್ಕೊಂಡು ಬಾ.'

ತೆಗೆದು ಹೊಡೆಸಿಕೊಂಡು ಬಂದ. 'ಇದರಲ್ಲಿ ವೇಷ ಎಲ್ಲಿ?' ಅಂದರು. ಕೊನೆಗೆ ಮುಖವಾಡವನ್ನು ಮಗುವಿನ ತರ ಎತ್ತಿಕೊಂಡು ನಿಂತ ಫೋಟೊ ಪಾಸಾಯಿತು. ದೇವರ ಆಧಾರ್ ಕೇಳಲಿಲ್ಲವಲ್ಲ, ಅದೇ ಪುಣ್ಯ.

ಉತ್ಸವ ಮಾರ್ಚ್ ಕೊನೆಯಲ್ಲೇ ಯಾಕೆ ಅಂದರೆ, 31ರೊಳಗೆ ಖರ್ಚಾಗದ ದುಡ್ಡು ವಾಪಸ್ ಹೋಗುತ್ತದೆ. ಅದು ಕಾಗದದ ಮೇಲಿನ ಸುಗ್ಗಿ. ತೊಂದರೆ ಏನೆಂದರೆ, ಸಕಲೇಶಪುರದ ಕಡೆ ಹಳ್ಳಿಗಳಲ್ಲಿ ನಿಜವಾದ ಸುಗ್ಗಿಯೂ, ಅಂದರೆ ಊರದೇವರ ಸುಗ್ಗಿ ಹಬ್ಬವೂ, ಸುಮಾರು ಅದೇ ಹೊತ್ತಿಗೆ ಶುರುವಾಗುತ್ತದೆ. ಸಾರು ಹಾಕಿದ ಮೇಲೆ, ಅಂದರೆ ಹಬ್ಬ ಅಂತ ಊರಿಗೆಲ್ಲ ಸಾರಿದ ಮೇಲೆ, ಅಲ್ಲಿ ಕಟ್ಟುಪಾಡು ಜಾಸ್ತಿ. ಕೆಲವು ಊರಲ್ಲಿ ಮನೆಯಲ್ಲಿ ಒಗ್ಗರಣೆ ಕೂಡ ಹಾಕುವಂತಿಲ್ಲ. ಅಂಥವರಿಗೆ 'ಬನ್ನಿ, ಹಾಸನದಲ್ಲಿ ಮೂರು ನಿಮಿಷ ಸುಗ್ಗಿ ಕುಣಿದು ಹೋಗಿ' ಅಂದರೆ ಬರುತ್ತಾರಾ? ಬರಲಿಲ್ಲ. ಬದಲಿಗೆ ಕಾಲೇಜು ಹುಡುಗರು ಬಾಡಿಗೆ ವೇಷ ಹಾಕಿಕೊಂಡು ಪೆನ್‌ಡ್ರೈವ್ ಹಾಡಿಗೆ ಕುಣಿದರು. ಹುಡುಗರನ್ನು ನಾನು ಬೈಯುವುದಿಲ್ಲ, ಚೆನ್ನಾಗೇ ಕುಣಿದರು. ನಿಜವಾದ್ದು ನೋಡಬೇಕಿದ್ದವರು 40 ಕಿಲೋಮೀಟರ್ ಬಸ್ಸಿನಲ್ಲಿ ಹೋಗಬೇಕಿತ್ತು. ಅಲ್ಲಿ ಉದ್ಘಾಟನೆ ಇರಲಿಲ್ಲ. ಹಾಗಾಗಿ ಗಣ್ಯರ ಪೈಕಿ ಯಾರೂ ಹೋಗಲಿಲ್ಲ.

ಮೆರವಣಿಗೆಗೆ ಎನ್.ಆರ್. ವೃತ್ತದಲ್ಲಿ ಬೆಳಗ್ಗೆ 9ಕ್ಕೆ ಸೇರಿ ಅಂದಿದ್ದರು. ಕಲಾವಿದರು ಎಂಟೂವರೆಗೇ ಬಂದರು. ಚಾಲನೆ ಕೊಡುವವರು ಹನ್ನೆರಡೂ ಕಾಲಿಗೆ ಬಂದು, ತಮಟೆಗೆ ಎರಡೇಟು ಹೊಡೆದು, ಫೋಟೊ ಆಯಿತಾ ಅಂತ ಕೇಳಿ, ಕಾರು ಹತ್ತಿದರು. ಬಿ.ಎಂ. ರಸ್ತೆಯ ಟಾರು ಅಷ್ಟು ಹೊತ್ತಿಗೆ ರೊಟ್ಟಿ ಹಂಚು. ಬರಿಗಾಲಿನ ವೀರಗಾಸೆಯವರು ಅದರ ಮೇಲೆ ಕುಣಿದದ್ದನ್ನು ಕಂಡು 'ಎಂಥ ಆವೇಶ!' ಅಂತ ಒಬ್ಬರು ಮೊಬೈಲಿನಲ್ಲಿ ಹಿಡಿದುಕೊಂಡರು. ಆವೇಶವೂ ಇತ್ತು, ಕಾಲೂ ಸುಡುತ್ತಿತ್ತು. ಹಿಂದಿನಿಂದ ಬಸ್ಸಿನವರು ಹಾರ್ನ್ ಹೊಡೆಯುತ್ತಿದ್ದರು. 'ಸ್ವಲ್ಪ ಬೇಗ ಬೇಗ ಕುಣೀರಪ್ಪ' ಅಂತ ಸ್ವಯಂಸೇವಕನೊಬ್ಬ ವಿಸಿಲ್ ಊದಿದ.

ಸಂಜೆ ವೇದಿಕೆ. ಸ್ವಾಗತ ಭಾಷಣಕ್ಕೇ 25 ನಿಮಿಷ. 62 ಜನಕ್ಕೂ ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಆಮೇಲೆ ಮಾತು. ಒಬ್ಬೊಬ್ಬರೂ ಎದ್ದು 'ನಮ್ಮ ಕಲೆಗಳು ನಶಿಸಿ ಹೋಗುತ್ತಿವೆ, ಉಳಿಸಿ ಬೆಳೆಸಬೇಕು' ಅಂದರು. ಏಳು ಜನ ಉಳಿಸಿದರು, ಏಳೂ ಜನ ಬೆಳೆಸಿದರು. ನಶಿಸುತ್ತಿರುವವರು ಆ ಹೊತ್ತಿಗೆ ವೇದಿಕೆಯ ಹಿಂದೆ ಉಪ್ಪಿಟ್ಟಿಗೆ ಕ್ಯೂ ನಿಂತಿದ್ದರು. ಬಣ್ಣ ಹಚ್ಚಿದ ಮುಖಕ್ಕೆ ಬೆವರಿಳಿದು ಅರ್ಜುನನೂ ಕರ್ಣನೂ ಒಂದೇ ತರ ಕಾಣುತ್ತಿದ್ದರು.

ಅಲ್ಲಿಗೆ ಹೋದದ್ದು ಒಳ್ಳೆಯದಾಯಿತು. ನಿಜವಾದ ಕಾರ್ಯಕ್ರಮ ನನಗೆ ಸಿಕ್ಕಿದ್ದೇ ಅಲ್ಲಿ. ಕೊರಳಿಗೆ ಬ್ಯಾಡ್ಜ್ ಹಾಕಿಕೊಂಡ ಹುಡುಗನೊಬ್ಬ ಮೂಡಲಪಾಯದ, ಅಂದರೆ ಬಯಲುಸೀಮೆಯ ಯಕ್ಷಗಾನದ, ಭಾಗವತರ ಹತ್ತಿರ ಬಂದ.

'ತಾತ, ನಿಮ್ಮದು ಎಷ್ಟು ಹೊತ್ತು?'

'ಬೆಳಗಾಗುತ್ತೆ ಕಣಪ್ಪ.'

'ನಾಲ್ಕು ನಿಮಿಷ ಇದೆ.'

'ನಾಲ್ಕು ನಿಮಿಷಕ್ಕೆ ಗಣಪತಿ ಸ್ತುತಿನೂ ಮುಗಿಯಲ್ವಲ್ಲ ಮಗ.'

'ಗಣಪತಿ ಬಿಟ್ಬಿಡಿ ತಾತ. ಡೈರೆಕ್ಟಾಗಿ ಯುದ್ಧಕ್ಕೆ ಬನ್ನಿ.'

ಭಾಗವತರು ಸ್ವಲ್ಪ ಯೋಚಿಸಿದರು. 'ಯುದ್ಧ ಯಾಕೆ ಆಯ್ತು ಅಂತ ಹೇಳಬಾರದಾ?'

'ಅದನ್ನ ನಿರೂಪಕಿ ಹೇಳ್ತಾರೆ.'

ನಿರೂಪಕಿ ಹೇಳಿದರು: 'ಇದೀಗ ನಿಮ್ಮ ಮುಂದೆ, ಕರಾವಳಿಯ ಗಂಡುಕಲೆ ಯಕ್ಷಗಾನ!' ಅರಸೀಕೆರೆ ಕಡೆಯ ಭಾಗವತರು ಹಾಗೆ ಒಂದು ನಿಮಿಷದಲ್ಲಿ ಘಟ್ಟ ಇಳಿದರು. ಬಾಕಿ ಮೂರು ನಿಮಿಷದಲ್ಲಿ ಎರಡು ಸುತ್ತು ಕುಣಿದು, ಯಾರು ಗೆದ್ದರು ಅಂತ ತಿಳಿಯುವ ಮೊದಲೇ ಪ್ರಮಾಣಪತ್ರ ತಗೊಂಡು ಇಳಿದರು.

ಕೊನೆಗೆ ವೀರಗಾಸೆ. ಎದೆಗೆ ಹಲಗೆ, ಕೊರಳಿಗೆ ರುದ್ರಾಕ್ಷಿ, ಕೈಯಲ್ಲಿ ಕತ್ತಿ. ಒಡಪು ಹೇಳುವವರು ಮುಂದೆ ಬಂದು 'ಅಹಹಾ ರುದ್ರಾ, ಅಹಹಾ ದೇವಾ' ಅಂದ ಕೂಡಲೇ ಪೆಂಡಾಲು ಮೊದಲ ಸಲ ಸುಮ್ಮನಾಯಿತು. ದಕ್ಷಬ್ರಹ್ಮ ದೊಡ್ಡ ಯಜ್ಞ ಮಾಡಿದ ಕತೆ. ಮೂರು ಲೋಕದವರನ್ನೂ ಕರೆದ. ಇಂದ್ರನಿಗೆ ಆಹ್ವಾನ, ಅಗ್ನಿಗೆ ಆಹ್ವಾನ, ಬಂದವರಿಗೆಲ್ಲ ಪೀಠ, ಮರ್ಯಾದೆ. ಅಳಿಯ ಶಿವನಿಗೆ ಮಾತ್ರ ಆಹ್ವಾನವಿಲ್ಲ.

ಇಲ್ಲಿಗೆ ಬಂದಾಗ ಜನರ ನಡುವಿಂದ ಒಬ್ಬರೇ ಜೋರಾಗಿ ಚಪ್ಪಾಳೆ ಹೊಡೆದರು. ಪತ್ರಿಕೆಯಲ್ಲಿ ಹೆಸರು ಬಿಟ್ಟುಹೋದವರು. ವೇದಿಕೆಯ ಮೇಲೆ ಒಂದಿಬ್ಬರು ಹಣ್ಣಿನ ಬುಟ್ಟಿ ಸರಿಮಾಡಿಕೊಂಡರು.

ಒಡಪು ಏರುತ್ತಾ ಹೋಯಿತು. ಕರೆಯದಿದ್ದರೂ ದಾಕ್ಷಾಯಣಿ ತವರಿಗೆ ಹೋದಳು. ತುಂಬಿದ ಸಭೆಯಲ್ಲಿ ಅಪ್ಪ ಅವಮಾನ ಮಾಡಿದ. ಅವಳು ಹೋಮದ ಬೆಂಕಿಗೆ ಹಾರಿದಳು. ಸುದ್ದಿ ಕೈಲಾಸಕ್ಕೆ ಮುಟ್ಟಿತು. ಶಿವ ಎದ್ದ. ಕಣ್ಣು ಕೆಂಪಾಯಿತು. ಜಟೆ ಕಿತ್ತ. ವೀರಗಾಸೆಯವರು ಕತ್ತಿ ಎತ್ತಿದರು. ಇನ್ನು ಆ ಜಟೆ ನೆಲಕ್ಕೆ ಬಡಿಯಬೇಕು, ವೀರಭದ್ರ ಹುಟ್ಟಬೇಕು.

'ಸಮಯದ ಅಭಾವದಿಂದ...' ಅಂತ ಮೈಕಿನಲ್ಲಿ ಕೇಳಿಸಿತು.

ಎತ್ತಿದ ಕತ್ತಿಗೆ ಸಿಕ್ಕಿಕೊಳ್ಳುವಂತೆ ಯಾರೋ ಶಾಲು ಹೊದಿಸಿದರು. ಒಡಪಿನವರು ಬಾಯಿ ತೆರೆದವರು ಹಾಗೇ ಫೋಟೊಗೆ ನಿಂತರು. ವೀರಭದ್ರ ಹುಟ್ಟಲಿಲ್ಲ. ದಕ್ಷನ ತಲೆ ಇದ್ದಲ್ಲೇ ಇತ್ತು, ಯಜ್ಞ ನಿರ್ವಿಘ್ನವಾಗಿ ನಡೆಯಿತು. ವಂದನಾರ್ಪಣೆಗೆ 20 ನಿಮಿಷ ಹಿಡಿಯಿತು.