ಎರಡೂ ದೋಣಿಯ ಅಂಬಿಗ

ನ್ಯೂಯಾರ್ಕಿನವರಿಗೆ 2025ರ ಜೂನ್ 11ರಂದು ಜ್ಞಾನೋದಯವಾಯಿತು. ಮಾಲೀಕ ಕರೆಸಿಕೊಂಡ ಬ್ರೋಕರ್‌ಗೆ ಬಾಡಿಗೆದಾರ ಯಾಕೆ ದುಡ್ಡು ಕೊಡಬೇಕು, ಕರೆದವನೇ ಕೊಡಲಿ ಅಂತ ಕಾನೂನು ಜಾರಿಯಾಯಿತು. ಅಲ್ಲಿಯವರೆಗೆ ವರ್ಷದ ಬಾಡಿಗೆಯಲ್ಲಿ ಶೇ 15ರವರೆಗೂ ಬಾಡಿಗೆದಾರನೇ ಕಕ್ಕುತ್ತಿದ್ದ. ಜರ್ಮನಿಯಲ್ಲಿ ಈ ದೀಪ 2015ರಲ್ಲೇ ಹತ್ತಿತ್ತು, ಇಂಗ್ಲೆಂಡಿನಲ್ಲಿ 2019ರಲ್ಲಿ. ಬೆಂಗಳೂರಿನಲ್ಲಿ ಇನ್ನೂ ಕರೆಂಟಿಲ್ಲ.

ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ ಅಂತ ಹಿರಿಯರು ಹೇಳಿದ್ದು ನಮ್ಮ ಬ್ರೋಕರ್ ಹುಟ್ಟುವ ಮೊದಲು. ಈತ ಎರಡೂ ದೋಣಿಯಲ್ಲಿ ನಿಂತು ಎರಡೂ ಕಡೆ ಟಿಕೆಟ್ ಹರಿಯುತ್ತಾನೆ. ಬಾಡಿಗೆಗಾದರೆ ಒಂದು ತಿಂಗಳ ಬಾಡಿಗೆ, ಮಾರಾಟಕ್ಕಾದರೆ ಕೊಳ್ಳುವವನಿಂದ ಶೇ 2, ಮಾರುವವನಿಂದಲೂ ಶೇ 2. ಕೋಟಿಯ ಫ್ಲ್ಯಾಟಿಗೆ ನಾಲ್ಕು ಲಕ್ಷ. ಯಾರ ಪರ ಮಾತಾಡುತ್ತೀಯಪ್ಪ ಅಂದರೆ, 'ಇಬ್ರೂ ನಮ್ಮವ್ರೇ ಸಾರ್'. ಜರ್ಮನಿಯಲ್ಲಿ 2020ರ ಡಿಸೆಂಬರ್‌ನಿಂದ, ಮಾರುವವನು ಕರೆಸಿದ ಬ್ರೋಕರ್ ಕೊಳ್ಳುವವನಿಂದ ಅರ್ಧಕ್ಕಿಂತ ಹೆಚ್ಚು ಕೇಳುವಂತಿಲ್ಲ. ಆ ಅರ್ಧವನ್ನೂ ಮಾರುವವನು ತನ್ನ ಪಾಲು ಕೊಟ್ಟ ದಾಖಲೆ ತೋರಿಸಿದ ಮೇಲೆಯೇ ಕೊಡಬೇಕು. ನಮ್ಮಲ್ಲಿ ದಾಖಲೆ ಅಂದರೆ ಯುಪಿಐ ಸ್ಕ್ರೀನ್‌ಶಾಟ್. ಬಿಲ್ ಕೇಳಿದರೆ 'ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಬೀಳತ್ತೆ, ನೋಡಿ' ಎಂಬ ಹಿತವಚನ.

ಜಪಾನಿನವರ ಕಥೆಯೇ ಬೇರೆ. ಒಪ್ಪಂದಕ್ಕೆ ಮೊದಲು ಪರವಾನಗಿ ಇರುವ ಏಜೆಂಟ್ ತನ್ನ ಗುರುತಿನ ಚೀಟಿ ತೋರಿಸಿ, ಮನೆಯ ಮುಖ್ಯ ವಿವರಗಳನ್ನೆಲ್ಲ ಬಾಡಿಗೆದಾರನಿಗೆ ವಿವರಿಸಿ ಹೇಳಬೇಕು. ಮನೆಯಲ್ಲಿ ಯಾರಾದರೂ ಸತ್ತಿದ್ದರೆ ಯಾವುದನ್ನು ಹೇಳಬೇಕು, ಎಷ್ಟು ವರ್ಷ ಹೇಳಬೇಕು ಅಂತ ಅಲ್ಲಿನ ಸರ್ಕಾರ 2021ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ: ಸಹಜ ಸಾವಾದರೆ ಹೇಳಬೇಕಿಲ್ಲ, ಆತ್ಮಹತ್ಯೆಯಾಗಿದ್ದರೆ ಬಾಡಿಗೆ ಮನೆಗೆ ಸುಮಾರು ಮೂರು ವರ್ಷ. ಇಲ್ಲಿ ಬೋರ್‌ವೆಲ್ ಸತ್ತದ್ದನ್ನೂ ಹೇಳುವುದಿಲ್ಲ. ಬ್ರೋಕರ್ ಅಡುಗೆಮನೆ ನಲ್ಲಿ ತಿರುಗಿಸಿ, ಕೈಯೊಡ್ಡಿ, 'ನೋಡಿ ಫೋರ್ಸು!' ಅನ್ನುತ್ತಾನೆ. ಓವರ್‌ಹೆಡ್ ಟ್ಯಾಂಕಿಗೆ ಅದೇ ಬೆಳಿಗ್ಗೆ ಟ್ಯಾಂಕರ್ ನೀರು ಏರಿಸಿರುತ್ತಾರೆ. ಸಂಪಿನ ಮುಚ್ಚಳ ತೆಗೆಸಿ, ವಾಚ್‌ಮನ್‌ಗೆ ವಾರಕ್ಕೆಷ್ಟು ಟ್ಯಾಂಕರ್ ಅಂತ ಕೇಳಿ. ಬ್ರೋಕರ್ ಆ ಹೊತ್ತಿಗೆ ಸರಿಯಾಗಿ ಫೋನಲ್ಲಿರುತ್ತಾನೆ.

ಅಮೆರಿಕದಲ್ಲಿ ಮನೆ ಮಾರಿಸಲು ಶೇ 5-6 ತಿನ್ನುತ್ತಿದ್ದವರು ಮೊಕದ್ದಮೆಗೆ ಸಿಕ್ಕಿ, ಏಜೆಂಟರ ಸಂಘ 2024ರಲ್ಲಿ 418 ಮಿಲಿಯನ್ ಡಾಲರ್‌ಗೆ ರಾಜಿಯಾಯಿತು. ಈಗ ಮನೆ ತೋರಿಸುವ ಮೊದಲೇ ಕೊಳ್ಳುವವನ ಜೊತೆ ಲಿಖಿತ ಕರಾರು, ಅದರಲ್ಲಿ ಕಮಿಷನ್ ಎಷ್ಟೆಂದು ಬರೆದಿರಬೇಕು. ಆದರೂ ಅವರಿಗೊಂದು ಪುಣ್ಯವಿದೆ: ಏಜೆಂಟರೆಲ್ಲ ಹಂಚಿಕೊಳ್ಳುವ ಒಂದು ಪಟ್ಟಿ. ಇಲ್ಲಿ ಒಂದೇ ಫ್ಲ್ಯಾಟು ಎಂಟು ಜಾಹೀರಾತಿನಲ್ಲಿ, ಐದು ಬಾಡಿಗೆಯಲ್ಲಿ, ಬೇರೆ ಯಾವುದೋ ಮನೆಯ ಫೋಟೋದೊಂದಿಗೆ. ಓನರ್ ತಾನೇ ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡಿನಲ್ಲಿ ಸಂಜೆಯೊಳಗೆ ನಂಬರ್ ಬದಲಾಗಿರುತ್ತದೆ.

ಕಾನೂನು ಇಲ್ಲವೇ? ಇದೆಯಲ್ಲ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕಾರ ಏಜೆಂಟ್ ನೋಂದಾಯಿಸಿಕೊಳ್ಳಬೇಕು; ಆದರೆ ಅದು ನೋಂದಾಯಿತ ಯೋಜನೆಗಳ ಮಾರಾಟಕ್ಕೆ. ಬಾಡಿಗೆ ಬ್ರೋಕರ್ ಆ ಬಲೆಯ ಕೆಳಗಿಂದ ನುಸುಳುತ್ತಾನೆ. ಬಾಡಿಗೆ ಮಧ್ಯವರ್ತಿಗಳ ನೋಂದಣಿ 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿದೆ, ಕಾಯ್ದೆ ಪುಸ್ತಕದಲ್ಲಿದೆ, ಪುಸ್ತಕ ಬೀರುವಿನಲ್ಲಿದೆ.

ರಾಯಚೂರಿನಿಂದ ಕೆಲಸಕ್ಕೆ ಬಂದವನು 25 ಸಾವಿರದ ಮನೆಗೆ ಹತ್ತು ತಿಂಗಳ ಅಡ್ವಾನ್ಸ್, ಮೊದಲ ತಿಂಗಳ ಬಾಡಿಗೆ, ಬ್ರೋಕರೇಜ್ ಸೇರಿಸಿ ಕೀಲಿಕೈ ಮುಟ್ಟುವ ಮೊದಲೇ ಮೂರು ಲಕ್ಷ ಇಡಬೇಕು. ಆ ಅಡ್ವಾನ್ಸಿನಲ್ಲಿ ಒಂದು ತಿಂಗಳಿನದು ಮನೆ ಬಿಡುವಾಗ ಪೇಂಟಿಂಗ್‌ಗೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದವನಿಂದಲೂ ಅದನ್ನು ಮುರಿದುಕೊಳ್ಳುತ್ತಾರೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ಇದು ಹಗಲು ದರೋಡೆ.

ಹನ್ನೊಂದು ತಿಂಗಳು ತುಂಬಿದಾಗ ಬ್ರೋಕರ್ ತಾನಾಗಿ ಫೋನ್ ಮಾಡುತ್ತಾನೆ. ರಿನ್ಯೂವಲ್‌ಗೆ ಅರ್ಧ ತಿಂಗಳಿನದು ಸಾಕಂತೆ. ಹೋದ ವರ್ಷದ ಅಗ್ರಿಮೆಂಟಿನಲ್ಲಿ ತಾರೀಖು ತಿದ್ದಬೇಕಲ್ಲ, ಶ್ರಮ ಇದೆ ಪಾಪ.